ಎಳೆ ಮಾಮ ಆ ದಿನ ಕುಡಿದಿರಲಿಲ್ಲ

ಕಳೆದ ತಿಂಗಳು ನಮ್ಮ ವರ್ಕ್‌ಶಾಪಿನ ಹಿಂದಿನ ಖಾಲಿ ಜಾಗವನ್ನು ಅದರ ಹೊಸ ಮಾಲೀಕರು ಸ್ವಚ್ಛ ಮಾಡಿಸಿದರು. ಜಾಲಿ, ಎಕ್ಕ, ಹೆಸರಿಲ್ಲದ ನೂರೆಂಟು ಕಸ, ಎಲ್ಲವನ್ನೂ ಕಡಿದು ಒಂದು ಕಡೆ ಗುಡ್ಡೆ ಹಾಕಿ ಬೆಂಕಿ ಇಟ್ಟರು. ನಾನು ಲೇತ್ ಮಷೀನಿನ ಮುಂದೆ ನಿಂತು ಒಂದು ಶಾಫ್ಟಿನ ಅಳತೆ ನೋಡುತ್ತಿದ್ದೆ. ಕಿಟಕಿಯಿಂದ ಹೊಗೆ ಬಂತು. ಮೊದಲು ಬರೀ ಕಸದ ಹೊಗೆ. ಆಮೇಲೆ ಅದರ ನಡುವಿನಿಂದ ಇನ್ನೊಂದು ವಾಸನೆ ಎದ್ದಿತು... ಹಸಿ ಬದನೆಗಿಡ ಸುಟ್ಟಂತೆ, ಕಹಿಯಾಗಿ, ಗಂಟಲಿನಿಂದ ಇಳಿದು ಎದೆಯಲ್ಲಿ ಕೂರುವಂಥದ್ದು. ನನ್ನ ಅಳತೆ ತಪ್ಪಿತು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಆ ವಾಸನೆಯ ಹತ್ತಿರ ಸುಳಿದಿರಲಿಲ್ಲ. ಆದರೂ ಮೂಗು ಮರೆತಿರಲಿಲ್ಲ. ಅದು ಉಮ್ಮತ್ತಿ ಎಲೆಯ ಹೊಗೆ.

ಆ ಹೊಗೆಯನ್ನು ಒಬ್ಬ ಮನುಷ್ಯನಿಗೆ ಔಷಧಿ ಎಂದು ನಾನು ಕೈಯಾರೆ ಸುತ್ತಿ ಕೊಟ್ಟಿದ್ದೆ.

ಅವರನ್ನು ನಾವೆಲ್ಲ ಎಳೆ ಮಾಮ ಅನ್ನುತ್ತಿದ್ದೆವು. ನನಗೆ ಸಂಬಂಧಿಕರೇನಲ್ಲ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ಅಷ್ಟೇ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಅವರ ಕೆಲಸ ಹತ್ತಿಯ ಎಳೆ ನೋಡುವುದು. ಅಂಡಿಗೆಯೊಳಗೆ, ಅಂದರೆ ಹತ್ತಿ ತುಂಬಿದ ದೊಡ್ಡ ಚೀಲದೊಳಗೆ, ಕೈ ಹಾಕಿ ಒಂದು ಚಿಟಿಕೆ ಹತ್ತಿ ತೆಗೆಯುತ್ತಿದ್ದರು. ಅದರ ಕಾಳು ಬಿಡಿಸಿ, ಎರಡೂ ಕೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಎಳೆಯುವುದು, ಎಳೆದದ್ದನ್ನು ಒಂದರ ಮೇಲೊಂದು ಇಟ್ಟು ಮತ್ತೆ ಎಳೆಯುವುದು. ಹತ್ತು ಹನ್ನೆರಡು ಸಲ ಹೀಗೆ ಮಾಡಿದರೆ ಅಡ್ಡಾದಿಡ್ಡಿ ಇದ್ದ ಎಳೆಗಳೆಲ್ಲ ಬಾಚಿದ ಕೂದಲಿನಂತೆ ನೇರವಾಗುತ್ತಿದ್ದವು. ಅದನ್ನು ತೊಡೆಯ ಮೇಲಿನ ಕರಿ ಬಟ್ಟೆಯ ಮೇಲೆ ಮಲಗಿಸಿ, ಉದ್ದ ನೋಡಿ, ಇದು ಇಂಥ ತರದ ಹತ್ತಿ ಎಂದು ಹೇಳುತ್ತಿದ್ದರು. ಅಳತೆಪಟ್ಟಿ ಮುಟ್ಟಿದ್ದನ್ನು ನಾನು ನೋಡಿಲ್ಲ. ಅವರು ಹೇಳಿದ ಮೇಲೆ ರೈತನೂ ಒಪ್ಪಬೇಕು, ಕೊಳ್ಳುವವನೂ ಒಪ್ಪಬೇಕು. ಒಪ್ಪುತ್ತಿದ್ದರು. ಬಳ್ಳಾರಿಯ ಮಂಡಿಯಿಂದ ಸಿರುಗುಪ್ಪದ ಮಿಲ್ಲಿನವರೆಗೆ, ಹತ್ತಿಯ ಜಗಳ ಎಲ್ಲಿ ಬಂದರೂ ಮಾಮನನ್ನು ಕರೆಸುತ್ತಿದ್ದರು.

ತಕರಾರು ಮಾಡುವವರು ಇರಲಿಲ್ಲ ಅಂತಲ್ಲ. ಒಮ್ಮೆ ಒಬ್ಬ ರೈತ ತನ್ನ ಗಿಡ್ಡ ಎಳೆಯ ಜಯಧರ ಹತ್ತಿಯನ್ನು ಉದ್ದ ಎಳೆಯ ವರಲಕ್ಷ್ಮಿಗೆ ಸಮ ಮಾಡಿ ವಾದಿಸಿದ. ಗಂಟೆಗಟ್ಟಲೆ ವಾದಿಸಿದ. ಮಾಮ ಕರಿ ಬಟ್ಟೆ ಕೊಡವಿ ಮಡಿಚುತ್ತಾ, "ನಿನ್ನ ಹತ್ತಿಗಿಂತ ನಿನ್ನ ನಾಲಿಗಿ ಎಳಿ ಉದ್ದ ಐತಿ ಬಿಡಲೇ. ಅದನ್ನ ತೂಕಕ್ಕ ಹಾಕು, ರೇಟು ನಾನು ಕೊಡಸ್ತೀನಿ" ಅಂದರು. ಅಂಗಳವೆಲ್ಲ ನಕ್ಕಿತು. ಆ ರೈತನೂ ನಕ್ಕ. ಅವರ ಮಾತು ಹಾಗೆ, ಹೆಬ್ಬೆರಳೂ ಹಾಗೆ.

ನಾನು ಆಗ ಸಿರುಗುಪ್ಪದ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಫಿಟರ್. ಹತ್ತಿಯಿಂದ ಕಾಳು ಬೇರೆ ಮಾಡುವ ಮಷೀನುಗಳ ರಿಪೇರಿ ನನ್ನದು. ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟವನು. ಆದರೆ ಕಂಪನಿಯಿಂದ ಬಂದ ಇಂಜಿನಿಯರು ಕೈ ಚೆಲ್ಲಿ ಹೋದ ಮಷೀನನ್ನು ಸಂಜೆಯೊಳಗೆ ತಿರುಗಿಸಿ ತೋರಿಸಿದ್ದೇನೆ, ಒಂದಲ್ಲ ನಾಲ್ಕು ಸಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ... ಜಂಬಕ್ಕೇ ಅನ್ನಿ. ಮುಂದೆ ಆದದ್ದರಲ್ಲಿ ಆ ಜಂಬಕ್ಕೂ ಪಾಲಿದೆ, ಅದಕ್ಕೇ ಹೇಳಿದೆ.

ಸುಗ್ಗಿಯ ದಿನಗಳಲ್ಲಿ ಮಾಮನೂ ನಾನೂ ಬೆಳಗಿನ ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಹೋಗುತ್ತಿದ್ದೆವು. ಬಸ್ಸಿನಲ್ಲಿ ಅವರಿಗೆ ಕಿಟಕಿ ಪಕ್ಕದ ಸೀಟು ನಾನೇ ಹಿಡಿಯುತ್ತಿದ್ದೆ. ಯಾಕೆಂದರೆ ಅವರಿಗೆ ದಮ್ಮು. ಇಪ್ಪತ್ತು ಮೂವತ್ತು ವರ್ಷ ಹತ್ತಿಯ ಧೂಳು ಕುಡಿದ ಎದೆ ಅದು. ಜಿನ್ನು ತಿರುಗುವಾಗ ಗಾಳಿಯಲ್ಲಿ ಅರಳೆಯ ನವಿರು ಹಾರಾಡುತ್ತದೆ, ಹುಬ್ಬು ಮೀಸೆ ಎಲ್ಲ ಬೆಳ್ಳಗಾಗುತ್ತದೆ. ನಮಗೆ ಒಂದೆರಡು ಸೀನು ಬಂದರೆ ಮುಗಿಯಿತು. ಮಾಮ ಮಾತ್ರ ಎರಡೂ ಕೈ ಮೊಣಕಾಲಿಗೆ ಊರಿ, ಭುಜ ಕಿವಿಗೆ ತಾಗುವಂತೆ ಎತ್ತಿ, ಗಾಳಿಯನ್ನು ಹಗ್ಗದಂತೆ ಜಗ್ಗುತ್ತಾ ಕೂರುತ್ತಿದ್ದರು. ಎದೆಯೊಳಗಿಂದ ಸಣ್ಣ ಸೀಟಿ ಕೇಳುತ್ತಿತ್ತು. ಯಾರಾದರೂ ಮರುಗಿದರೆ, "ನನ್ನ ಜಿನ್ನಿಗೆ ಎಣ್ಣಿ ಬೇಕಾಗೈತಿ" ಎಂದು ನನ್ನ ಕಡೆ ಕಣ್ಣು ಹೊಡೆಯುತ್ತಿದ್ದರು.

ಡಾಕ್ಟರರ ಮಾತ್ರೆ ಅವರು ತೆಗೆದುಕೊಂಡಿರಲಿಲ್ಲ ಅಂತಲ್ಲ. ತೆಗೆದುಕೊಂಡರೆ ಉಸಿರು ಸಡಿಲವಾಗುತ್ತಿತ್ತು, ಆದರೆ ಕೈ ನಡುಗುತ್ತಿತ್ತು. ಅದು ಅವರಿಗೆ ಉಸಿರಿಗಿಂತ ದೊಡ್ಡ ತೊಂದರೆ. ನಡುಗುವ ಬೆರಳಿನಲ್ಲಿ ಎಳೆ ನಿಲ್ಲುವುದಿಲ್ಲ, ಹರಿಯುತ್ತದೆ. ಹರಿದ ಎಳೆ ನೋಡಿ ಹತ್ತಿಗೆ ತರ ಕಟ್ಟಿದರೆ ರೈತನಿಗೆ ಅನ್ಯಾಯ. ಅದಕ್ಕೇ ಸುಗ್ಗಿ ಬಂತೆಂದರೆ ಮಾತ್ರೆ ಬಂದ್. ರೂಪನಗುಡಿಯಲ್ಲಿ ಒಬ್ಬ ಮುದುಕರಿದ್ದರು. ಅವರು ಉಮ್ಮತ್ತಿಯ ಒಣ ಎಲೆ ಸುತ್ತಿ ಬೀಡಿ ಮಾಡಿ ಕೊಡುತ್ತಿದ್ದರು. ಒಂದು ಬೀಡಿ ಸೇದಿದರೆ ಎದೆಯ ಸೀಟಿ ನಿಲ್ಲುತ್ತಿತ್ತು, ಬೆರಳೂ ಅಲುಗದೆ ನಿಲ್ಲುತ್ತಿತ್ತು. ಆದರೆ ಆ ಮುದುಕರದು ಬಹಳ ಕಟ್ಟುನಿಟ್ಟು. ವಾರಕ್ಕೆ ಏಳೇ. ಎಂಟನೆಯದು ಕೇಳಿದರೆ ಮುಂದಿನ ವಾರ ಒಂದೂ ಇಲ್ಲ. ಹೇಗೆ ಮಾಡುತ್ತೀರಿ ಎಂದು ಯಾರು ಕೇಳಿದರೂ ಹೇಳುತ್ತಿರಲಿಲ್ಲ. ಅವರಿಗೆ ಹೊಟ್ಟೆಕಿಚ್ಚು, ವಿದ್ಯೆ ಬಚ್ಚಿಡುತ್ತಾರೆ ಎಂದು ನಾವು ಆಡಿಕೊಂಡೆವು. ಅವರು ಬಚ್ಚಿಟ್ಟದ್ದು ಏನನ್ನು, ಯಾಕೆ ಎಂದು ನನಗೆ ತಿಳಿದದ್ದು ತಡವಾಗಿ...

ಆ ಮುದುಕರು ತೀರಿಕೊಂಡರು. ಸುಗ್ಗಿ ಎದುರಿಗೆ ಬಂದಿತ್ತು. ಎಂಬತ್ತನೇ ಇಸವಿಯ ಆಸುಪಾಸು ಇರಬೇಕು. ಮಾಮನ ಬಳಿ ಬೀಡಿ ಮುಗಿದವು, ದಮ್ಮು ಏರಿತು. ನಾನೇ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಳ್ಳಾರಿಯ ಒಬ್ಬ ಡಾಕ್ಟರರ ಹತ್ತಿರ ಕರೆದೊಯ್ದೆ. ಹೊಸದಾಗಿ ಬಂದ ಡಾಕ್ಟರು, ಸಣ್ಣ ವಯಸ್ಸು. ಮಾಮನ ಬೆನ್ನು, ಎದೆ ಎಲ್ಲ ನೋಡಿದರು. ಸಮಾಧಾನದ ಮನುಷ್ಯ. ಬೀಡಿಯ ವಿಷಯ ಕೇಳಿದ ಮೇಲೆ ಪೆನ್ನು ಕೆಳಗಿಟ್ಟರು.

"ಅದನ್ನ ಬಿಟ್ಟುಬಿಡ್ರಿ ಯಜಮಾನ್ರೇ. ಒಂದು ಗಿಡದ ಎಲಿ ಇದ್ದಂಗ ಇನ್ನೊಂದು ಗಿಡದ್ದು ಇರಂಗಿಲ್ಲ. ಯಾವ ಬೀಡ್ಯಾಗ ಎಷ್ಟು ವಿಷ ಐತಿ ಅಂತ ನನಗೂ ಹೇಳಾಕ ಬರಂಗಿಲ್ಲ, ಮಾಡಿದವರಿಗೂ ಬರಂಗಿಲ್ಲ."

ಆಮೇಲೆ ಮೇಜಿನ ಖಾನೆಯಿಂದ ಒಂದು ಸಣ್ಣ ಪಂಪು ತೆಗೆದು ತೋರಿಸಿದರು. ಬಾಯಿಗಿಟ್ಟು ಒತ್ತಿ ಉಸಿರು ಎಳೆದುಕೊಳ್ಳುವಂಥದ್ದು. ನಾನು ಆವತ್ತೇ ಮೊದಲು ಅಂಥದ್ದನ್ನು ನೋಡಿದ್ದು. ಔಷಧಿ ನೆಟ್ಟಗೆ ಎದೆಗೇ ಹೋಗುತ್ತದೆ, ಬಹಳ ಕಡಿಮೆ ಸಾಕು, ಮಾತ್ರೆಯಷ್ಟು ಕೈ ನಡುಗುವುದಿಲ್ಲ ಎಂದರು. ಹೊರಗಿನಿಂದ ತರಿಸಬೇಕು, ಎಂಟು ದಿನ ಆಗುತ್ತದೆ. ಅದರ ಜೊತೆಗಿನ ಮಡಿಕೆ ಕಾಗದವನ್ನು ನನ್ನ ಕೈಗೆ ಕೊಟ್ಟು, "ನೀವು ಓದಿ ಇವರಿಗೆ ಹೇಳ್ರಿ" ಅಂದರು. ಕಾಗದವೆಲ್ಲ ಇಂಗ್ಲಿಷು. ನಾನು ತಿರುಗಿಸಿ ಮುರುಗಿಸಿ ನೋಡಿದೆ. ಬಾಗಿಲ ಬಳಿ ನಿಂತಿದ್ದ ಕಾಂಪೌಂಡರ್ ಕಿಸಕ್ಕನೆ ನಕ್ಕು, "ತಲಿಕೆಳಗ ಹಿಡದೀರಿ" ಅಂದ.

ಅಷ್ಟೇ. ಡಾಕ್ಟರು ನಗಲಿಲ್ಲ, ಆ ಕಾಂಪೌಂಡರನನ್ನು ಗದರಿದರು ಕೂಡ. ಆದರೆ ನನ್ನ ಕಿವಿ ಕಾದುಹೋಗಿದ್ದವು. ಹೊರಗೆ ಬಂದು ಚಹಾದಂಗಡಿಯಲ್ಲಿ ಕೂತಾಗ ನಾನು ಮಾಮನಿಗೆ ಹೇಳಿದ್ದು ಇದು:

"ಅದನ್ನ ಒಂದು ಸಲ ಹಿಡದ್ರ ಸಾಯೋತನಕ ಬಿಡಂಗಿಲ್ಲಂತ ಮಾಮ. ಗಾಳಿಗೂ ಗುಲಾಮ ಆಗಬೇಕಾ? ಎಲಿ ಸುತ್ತೋದೇನು ದೊಡ್ಡ ವಿದ್ಯಾ? ನಾನು ಮಾಡಿ ಕೊಡ್ತೀನಿ ತಗೋರಿ."

ಯಾರು ಹಾಗಂದಿದ್ದರು? ಯಾರೂ ಇಲ್ಲ. ಬಸ್ಸಿನಲ್ಲಿ ಯಾರೋ ಆಡಿದ ಮಾತು ಕಿವಿಗೆ ಬಿದ್ದಿರಬೇಕು. ಮಾಮ ನನ್ನ ಮುಖ ನೋಡಿದರು. "ನಿನ್ನ ಕೈಮ್ಯಾಗ ನಂಗ ನಂಬಿಕಿ ಐತಿ" ಅಂದರು. ಡಾಕ್ಟರರ ಚೀಟಿಯನ್ನು ಮಡಿಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು.

ಮೊದಲ ಕಟ್ಟು ಬೀಡಿ ಮಾಡಿದಾಗ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಆ ಗಿಡ ತಿಂದ ಆಡು ಒದ್ದಾಡೋದು ನೋಡೀನಿ ನಾನು. ನಿಮಗ್ಯಾಕ ಬೇಕು ಈ ಉಸಾಬರಿ?" ಅಂದಳು. ಆಡಿಗೆ ಬುದ್ಧಿ ಇರುವುದಿಲ್ಲ, ನನಗಿದೆ ಎಂದೆ. "ಹೌದೌದು, ಅದಕ್ಕ ಆಡು ಬೀಡಿ ಸುತ್ತಂಗಿಲ್ಲ" ಎಂದು ಒಳಗೆ ಹೋದಳು.

ಆ ಕಟ್ಟು ಕೆಲಸ ಮಾಡಿತು. ಹದಿನೈದು ದಿನ ಮಾಮ ಹಾಯಾಗಿದ್ದರು. ಮಿಲ್ಲಿನಲ್ಲಿ ಸಿಕ್ಕವರಿಗೆಲ್ಲ, "ನಮ್ಮ ಫಿಟರ್ ನನ್ನ ಎದಿನೂ ಫಿಟ್ ಮಾಡ್ಯಾನ" ಎಂದು ಹೇಳಿಕೊಂಡು ತಿರುಗಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆ ಡಾಕ್ಟರರ ಬಾಗಿಲ ಮುಂದೆ ಸೈಕಲ್ ನಿಧಾನ ಮಾಡಿ ಗಂಟೆ ಬಾರಿಸಿಕೊಂಡು ಹೋದೆ. ನಿಜವಾಗಿ.

ಎರಡನೇ ಕಟ್ಟು ಅಷ್ಟು ಹಿಡಿಯಲಿಲ್ಲ. ಅದೇ ಎಲೆ, ಅದೇ ಸುತ್ತು. ಡಾಕ್ಟರು ಹೇಳಿದ್ದೇ ಅದು: ಗಿಡ ಬೇರೆ, ಎಲೆ ಬೇರೆ. ನಾನು ಮಾತ್ರ ಮಷೀನಿನವನ ಲೆಕ್ಕ ಹಾಕಿದೆ. ಕಸುವು ಕಡಿಮೆ ಬಿದ್ದಿದೆ, ಎಲ್ಲಿಂದ ತುಂಬಬೇಕು? ಜಿನ್ನಿಂಗ್ ಮಿಲ್ಲಿನವರಿಗೆ ಒಂದು ತಿಳುವಳಿಕೆ ಮೈಗೆ ಹತ್ತಿರುತ್ತದೆ. ಅರಳೆ ಹಗುರ, ಹಾರಿಹೋಗುತ್ತದೆ. ಸತ್ವವೆಲ್ಲ ಕೆಳಗೆ ಬೀಳುವ ಕಾಳಿನಲ್ಲಿ. ಎಣ್ಣೆ ಬರುವುದು ಕಾಳಿನಿಂದ, ಎಮ್ಮೆ ಹಾಲು ಹೆಚ್ಚುವುದು ಹತ್ತಿಕಾಳಿನಿಂದ. ಉಮ್ಮತ್ತಿಗೂ ಹಾಗೇ ಇರಬೇಕಲ್ಲ ಎಂದುಕೊಂಡೆ. ಅದರ ಮುಳ್ಳುಕಾಯಿ ಒಡೆದು ಬೀಜವನ್ನೂ ಪುಡಿ ಮಾಡಿ ಎಲೆಯ ಜೊತೆ ಸೇರಿಸಿ ಸುತ್ತಿದೆ. ಯಾರನ್ನೂ ಕೇಳಲಿಲ್ಲ. ಮಾಮನಿಗೂ ಹೇಳಲಿಲ್ಲ. ಹೇಳಿದರೆ, ಮೊದಲನೆಯದು ನಾನು ಸರಿಯಾಗಿ ಮಾಡಿರಲಿಲ್ಲ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು.

ಆ ದಿನ ಸಿರುಗುಪ್ಪದ ಮಿಲ್ಲಿನ ಅಂಗಳದಲ್ಲಿ ಗಾಡಿಗಳ ಮೇಲೆ ಗಾಡಿ. ಕುರುಗೋಡಿನ ಕಡೆಯವು, ಗಡಿಯಾಚೆಯ ತೆಲುಗರವು, ಎತ್ತು ಬಿಚ್ಚಲೂ ಜಾಗವಿಲ್ಲ. ಧೂಳು ಹೇಳತೀರದು. ಮಾಮ ಹನ್ನೊಂದು ಗಂಟೆಗೆ ಅಂಡಿಗೆಗಳ ಹಿಂದೆ ಹೋಗಿ ಒಂದು ಬೀಡಿ ಸೇದಿ ಬಂದರು. ಅರ್ಧ ಗಂಟೆ ಬಿಟ್ಟು ಇನ್ನೊಂದು. ನಾನು ಒಳಗೆ ಮಷೀನಿನ ಚರ್ಮದ ಉರುಳೆ, ನಾವು ರೂಲು ಅನ್ನುವುದನ್ನು, ಬದಲಿಸುತ್ತಿದ್ದೆ. ಹೊರಗೆ ನಗು ಕೇಳಿತು. ಮಾಮನ ಮಾತಿಗೆ ನಗುವುದು ಇದ್ದದ್ದೇ ಎಂದು ನಾನು ತಲೆ ಎತ್ತಲಿಲ್ಲ. ಆದರೆ ಆ ನಗು ನಿಲ್ಲಲಿಲ್ಲ, ಬೇರೆ ತರ ಇತ್ತು. ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದೆ.

ಮಾಮ ತಮ್ಮ ಸ್ಟೂಲಿನ ಮೇಲೆ ಕೂತಿದ್ದರು. ಮುಖ ಕೆಂಪಗೆ, ಕೆಂಡದಂತೆ. ಕಣ್ಣಿನ ಕಪ್ಪು ಇಡೀ ಕಣ್ಣನ್ನೇ ತಿಂದಂತೆ ಹರಡಿತ್ತು. ಅವರು ಗಾಳಿಯಿಂದ ಒಂದು ಚಿಟಿಕೆ ಹತ್ತಿ ತೆಗೆದುಕೊಂಡರು. ಅಲ್ಲಿ ಹತ್ತಿ ಇರಲಿಲ್ಲ. ಎರಡೂ ಹೆಬ್ಬೆರಳಿನಲ್ಲಿ ಹಿಡಿದು ಎಳೆದರು, ಒಂದರ ಮೇಲೊಂದು ಇಟ್ಟರು, ಮತ್ತೆ ಎಳೆದರು. ಒಂದು ಸಲವೂ ಕೈ ತಪ್ಪಲಿಲ್ಲ. ಅದನ್ನು ಕರಿ ಬಟ್ಟೆಯ ಮೇಲೆ ಮೆತ್ತಗೆ ಮಲಗಿಸಿ, ಬಾಗಿ ನೋಡಿ, "ಭಾಳ ಚಲೋ ಹತ್ತಿ ಇದು. ಇಂಥಾದ್ದು ನಾನು ನೋಡೇ ಇಲ್ಲ. ಯಾರದಲೇ ಇದು?" ಅಂದರು. ಬಟ್ಟೆ ಖಾಲಿ ಇತ್ತು. ಒಬ್ಬ ರೈತ ಮುಂದೆ ಬಂದು ನಗುತ್ತಾ, "ನಂದ ಮಾಮ, ನಂದ. ವರಲಕ್ಷ್ಮಿಗಿಂತ ಜಾಸ್ತಿ ಹಾಕ್ರಿ" ಅಂದ. ಮಾಮ ಗಾಬರಿಯಿಂದ ಬಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, "ಉಸುರು ಬಿಡಬ್ಯಾಡ್ರಲೇ, ಹಾರಿ ಹೋಗ್ತಾವ!" ಎಂದು ಕೂಗಿದರು. ಅಂಗಳ ಬಿದ್ದು ಬಿದ್ದು ನಕ್ಕಿತು.

ಏಳಲು ಹೋಗಿ ತೂರಾಡಿ ಬಿದ್ದರು. ನೀರು ಕೇಳಿದರು, ಕೊಟ್ಟದ್ದನ್ನು ನುಂಗಲಾಗಲಿಲ್ಲ. ತೆಲುಗು ಗಾಡಿಯವನೊಬ್ಬ, ಬೆಳಿಗ್ಗೆಯಿಂದ ಎಷ್ಟು ಗ್ಲಾಸು ಆಯಿತು ಎಂದು ಅವನ ಭಾಷೆಯಲ್ಲಿ ಕೇಳಿದ. ಅಷ್ಟರಲ್ಲಿ ಮಿಲ್ಲಿನ ಸಾಹುಕಾರರು ಹೊರಗೆ ಬಂದರು. ಮಾಮ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಒಂದು ದಿನವೂ ಸೇಂದಿಯಂಗಡಿ ಇರುವ ಓಣಿಯಲ್ಲಿ ನಡೆಯದವರು, ಈಗ ಅಲ್ಲಿ ನೆಲದ ಮೇಲೆ ಬಿದ್ದು ಹೊರಳುತ್ತಿದ್ದರು. ಸಾಹುಕಾರರು ನನ್ನ ಕಡೆ ತಿರುಗಿದರು.

"ನೀನು ಇವರ ಬಾಜೂ ಮನಿಯವನಲ್ಲೇನಲೇ? ಇವರು ಕುಡೀತಾರೇನು? ಖರೇ ಹೇಳು."

ಅಲ್ಲಿ ಐವತ್ತು ಜನ ಇದ್ದರು. ಆ ತಿಂಗಳೇ ನನ್ನನ್ನು ಹೆಡ್ ಫಿಟರ್ ಮಾಡುವ ಮಾತು ನಡೆದಿತ್ತು. ನನ್ನ ಕೈಯ ಕೆಲಸ ಒಬ್ಬ ಮನುಷ್ಯನನ್ನು ಹೀಗೆ ಮಾಡಿದೆ ಎಂದು ಐವತ್ತು ಜನರ ಮುಂದೆ...

"ಗೊತ್ತಿಲ್ರಿ" ಎಂದೆ.

ಇಲ್ಲ ಅಂದಿದ್ದರೂ ಸಾಕಿತ್ತು. ಬಾಜೂ ಮನೆಯವನೇ ಗೊತ್ತಿಲ್ಲ ಎಂದಮೇಲೆ ಅದಕ್ಕೆ ಒಂದೇ ಅರ್ಥ. ಆಸ್ಪತ್ರೆಗೆ ಯಾರೂ ಒಯ್ಯಲಿಲ್ಲ. ಕುಡಿದವನಿಗೆ ಯಾವ ಆಸ್ಪತ್ರೆ? ನೆರಳಿಗೆ ಎಳೆದು ತಲೆಗೆ ನೀರು ಸುರಿದು ಮಲಗಿಸಿದರು. ನಾನು ಪಕ್ಕದಲ್ಲಿ ಕೂತು ಗಾಳಿ ಬೀಸಿದೆ. ಅವರು ನನ್ನನ್ನು ಗುರುತಿಸದೆ ನನ್ನ ಅಂಗಿಯ ಮೇಲಿಂದ ಇಲ್ಲದ ಎಳೆಗಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದರು. ಎದೆ ಹೊಡೆದುಕೊಳ್ಳುವುದು ಅಂಗಿಯ ಮೇಲಿಂದಲೇ ಕಾಣುತ್ತಿತ್ತು. ಅವರು ಸತ್ತೇ ಹೋಗಬಹುದಿತ್ತು. ನಾನು ಬಾಯಿ ಬಿಡದೆ ಬೀಸುತ್ತಿದ್ದೆ. ಉಳಿದ ಬೀಡಿಗಳನ್ನು ಅವರ ಜೇಬಿನಿಂದ ತೆಗೆದು ಕಾಲುವೆಗೆ ಎಸೆದದ್ದು ಬಿಟ್ಟರೆ ಆವತ್ತು ನಾನು ಒಂದು ಒಳ್ಳೆಯ ಕೆಲಸವನ್ನೂ ಮಾಡಲಿಲ್ಲ. ಅದನ್ನು ಕೂಡ ಯಾಕೆ ಮಾಡಿದೆನೋ... ಅವರನ್ನು ಉಳಿಸಲೋ, ನನ್ನನ್ನು ಉಳಿಸಿಕೊಳ್ಳಲೋ.

ಎರಡನೇ ದಿನ ಮಾಮನಿಗೆ ಬುದ್ಧಿ ತಿಳಿಯಾಯಿತು. ಏನಾಯಿತೆಂದು ಅವರಿಗೆ ಒಂದಿಷ್ಟೂ ನೆನಪಿರಲಿಲ್ಲ. ಜನ ಹೇಳಿದ್ದು ಕೇಳಿ ಲಿಂಗ ಮುಟ್ಟಿ ಆಣೆ ಮಾಡಿದರು. ಮೂರನೇ ದಿನ, ತಾವು ಸರಿ ಇದ್ದೇವೆಂದು ತೋರಿಸಲು ಹಟ ಹಿಡಿದು ಮಿಲ್ಲಿಗೆ ಬಂದರು. ಅದು ಇನ್ನೂ ಕೆಟ್ಟಿತು. ಆ ವಿಷ ಕಣ್ಣಿನಿಂದ ಪೂರಾ ಇಳಿದಿರಲಿಲ್ಲ. ದೂರದ ಗುಡ್ಡ ಕಾಣುತ್ತಿತ್ತು, ತೊಡೆಯ ಮೇಲಿನ ಎಳೆ ಮಸುಕು. ಜಯಧರವನ್ನು ವರಲಕ್ಷ್ಮಿ ಅಂದರು. ಯಾರೂ ನಗಲಿಲ್ಲ ಈ ಸಲ. ರೈತ ಸುಮ್ಮನೆ ಅಂಡಿಗೆಯ ಬಾಯಿ ಹೊಲಿದುಕೊಂಡು ಇನ್ನೊಬ್ಬರನ್ನು ಕರೆಯಲು ಹೋದ. ಆಮೇಲೆ ಎಲ್ಲಿಗೆ ಹೋದರೂ, "ಮಾಮ, ಇವತ್ತು ಹಾಕೀರೋ, ಇನ್ನೂ ಹಾಕಬೇಕೋ?" ಅನ್ನುವವರೇ. ಅವರ ಹೆಬ್ಬೆರಳು ಹಾಗೇ ಇತ್ತು, ಅದರ ಮಾತು ಹೋಯಿತು. ಆ ಸುಗ್ಗಿ ಮುಗಿಯುವ ಮೊದಲೇ ಮನೆ ಖಾಲಿ ಮಾಡಿ ಕುರುಗೋಡಿನ ತಂಗಿಯ ಮನೆಗೆ ಹೋದರು.

ನಾನು ಹೆಡ್ ಫಿಟರ್ ಆದೆ.

ನಾಲ್ಕು ತಿಂಗಳು ಕಳೆದ ಮೇಲೆ, ಬೇಸಿಗೆಯ ಒಂದು ಭಾನುವಾರ ಕುರುಗೋಡಿಗೆ ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಮಾಮ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಬಹಳ ಇಳಿದಿದ್ದರು. ಎದೆಯ ಸೀಟಿ ಬಾಗಿಲಿಗೇ ಕೇಳುತ್ತಿತ್ತು. ನನ್ನನ್ನು ನೋಡಿ ಅವರ ಮುಖ ಅರಳಿದ್ದು ಇಂದಿಗೂ ನನಗೆ ಬೇಡವಾದ ನೆನಪು. ತಂಗಿಯನ್ನು ಕರೆದು, "ನಮ್ಮ ಫಿಟರ್ ಬಂದಾನ, ಚಾ ಇಡಬೇ" ಅಂದರು. ಆಮೇಲೆ ದನಿ ತಗ್ಗಿಸಿ, "ನಿನ್ನ ಬೀಡಿ ಇದ್ದಿದ್ರ ನಾನು ಹಿಂಗ ಆಗ್ತಿದ್ದಿಲ್ಲಲೇ. ಇನ್ನೊಂದು ಕಟ್ಟು ಮಾಡಿ ಕೊಡ್ತೀಯೇನು?" ಎಂದು ಕೇಳಿದರು.

ಹೇಳಲಿಕ್ಕೆ ಹೋದವನು ಚಹಾ ಕುಡಿದು ಎದ್ದುಬಂದೆ. ಬೀಡಿ ಬೇಡ, ಪಂಪು ತರುತ್ತೇನೆ ಎಂದೆ, ಅಷ್ಟೇ. "ನೀನ ಬ್ಯಾಡ ಅಂದಿದ್ದೆಲ್ಲೋ?" ಅಂದರು. ಅವರಿಗೆ ಅರ್ಥವಾಗಲಿಲ್ಲ.

ಮರುದಿನ ಆ ಡಾಕ್ಟರರ ಮುಂದೆ ನಿಂತು ಎಲ್ಲ ಹೇಳಿದೆ. ಬೀಜದ ವಿಷಯವನ್ನೂ. ನಾನು ಅದನ್ನು ಬಾಯಿಬಿಟ್ಟು ಹೇಳಿದ ಮೊದಲ ಮನುಷ್ಯ ಅವರು. ಬೈಯುತ್ತಾರೆಂದು ಕಾದೆ. ಡಾಕ್ಟರು ಚೀಟಿಯ ಪುಸ್ತಕ ಹತ್ತಿರಕ್ಕೆ ಎಳೆದುಕೊಂಡು, "ಅವರು ಬದುಕಿದ್ದ ದೊಡ್ಡದು" ಅಂದರು. ಪಂಪಿಗೆ ಬರೆದುಕೊಟ್ಟರು. ಜೊತೆಗೆ, "ಎದಿಗೆ ನಾನು ಔಷಧ ಕೊಡಬಲ್ಲೆ. ಅವರ ಹೆಸರಿಗೆ ನೀವ ಕೊಡಬೇಕು" ಎಂದರು.

ಪಂಪು ಬಂತು. ಈ ಸಲ ಕಾಂಪೌಂಡರನ ಎದುರಿಗೇ ಕೂತು, ಹೇಗೆ ಒತ್ತಬೇಕು, ಯಾವಾಗ ಉಸಿರೆಳೆಯಬೇಕು, ದಿನಕ್ಕೆ ಎಷ್ಟು ಎಂದು ಮೂರು ಸಲ ಕೇಳಿ ಕಲಿತುಕೊಂಡು ಕುರುಗೋಡಿಗೆ ಒಯ್ದೆ. ಮಾಮನಿಗೆ ಮೊದಲೆರಡು ಸಲ ಗಂಟಲಿಗೇ ಹೊಡೆದು ಕೆಮ್ಮು ಬಂತು. ಮೂರನೇ ಸಲ ಸರಿಯಾಗಿ ಹೋಯಿತು. ಐದು ಹತ್ತು ನಿಮಿಷ ಆಗಿರಬೇಕು. ಸೀಟಿ ಸಣ್ಣದಾಗುತ್ತಾ ಬಂದು ನಿಂತಿತು. ಅವರು ನನ್ನನ್ನು ನೋಡಿದರು, ತಮ್ಮ ಕೈಯನ್ನು ಮುಂದೆ ಚಾಚಿ ನೋಡಿಕೊಂಡರು. ಸ್ವಲ್ಪ ಕಂಪಿಸುತ್ತಿತ್ತು, ಆಮೇಲೆ ಅದೂ ಇಳಿಯಿತು. ಹರಿದ ಗಾದಿಯ ಅಂಚಿನಿಂದ ಒಂದು ಚಿಟಿಕೆ ಹತ್ತಿ ಕಿತ್ತು ಎಳೆ ತೆಗೆದರು. "ಇಷ್ಟೇನಲೇ?" ಅಂದರು. "ಇಷ್ಟಕ್ಕ ನಾನು..."

ಆಗ ಹೇಳಿದೆ. ಮುಖ ನೋಡದೆ, ನೆಲ ನೋಡುತ್ತಾ ಎಲ್ಲವನ್ನೂ ಹೇಳಿದೆ. ಚಹಾದಂಗಡಿಯ ಮಾತು ಸುಳ್ಳೆಂದು ಹೇಳಿದೆ. ಬೀಜ ಹಾಕಿದ್ದು ಹೇಳಿದೆ. ಸಾಹುಕಾರರು ಕೇಳಿದಾಗ ಗೊತ್ತಿಲ್ಲ ಎಂದದ್ದನ್ನೂ ಹೇಳಿದೆ. ಹೊಡೆಯುತ್ತಾರೆಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

ಮಾಮ ಬೆರಳಿನ ನಡುವಿನ ಎಳೆಯನ್ನು ಇನ್ನೊಮ್ಮೆ ಎಳೆದರು. "ಅಂದ್ರ ನಾನು ಕುಡದಿದ್ದಿಲ್ಲ" ಎಂದರು. ಅದನ್ನು ನನಗಲ್ಲ, ತಮಗೇ ಹೇಳಿಕೊಂಡರು. ಅಷ್ಟು ತಿಂಗಳು ಅವರಿಗೂ ಅನುಮಾನ ಇತ್ತೆಂದು ನನಗೆ ಆಗ ಹೊಳೆಯಿತು. ನೆನಪಿಲ್ಲದ ದಿನ ಅದು. ಐವತ್ತು ಜನ ಹೇಳುತ್ತಿದ್ದಾರೆ. ತಾವೇ ಎಲ್ಲೋ, ಯಾರೋ ಕೊಟ್ಟದ್ದು... ಹಾಗೆ ತಮ್ಮನ್ನೇ ತಾವು ಶಂಕಿಸಿಕೊಂಡು ನಾಲ್ಕು ತಿಂಗಳು ಆ ಕಂಬಕ್ಕೆ ಒರಗಿ ಕೂತಿದ್ದರು.

ಆಮೇಲೆ ಒಂದೇ ಒಂದು ಮಾತು ಕೇಳಿದರು.

"ಇದನ್ನ ಅಲ್ಲಿ ಬಂದು ಹೇಳ್ತೀಯೇನಲೇ? ಮಿಲ್ಲಿನ ಅಂಗಳದಾಗ, ಮಂದಿ ಮುಂದ?"

"ಹೇಳ್ತೀನಿ ಮಾಮ. ಈಗ ಬ್ಯಾಸಿಗಿ, ಅಂಗಳ ಖಾಲಿ ಐತಿ. ಸುಗ್ಗಿ ಬರ್ಲಿ, ರೈತರೆಲ್ಲ ಇರ್ತಾರ. ಆವಾಗ ನಿಮ್ಮನ್ನ ಕರಕೊಂಡು ಹೋಗಿ ಹೇಳ್ತೀನಿ."

ಅವರು ತಲೆಯಾಡಿಸಿದರು. ಆ ಮಾತನ್ನು ನಾನು ಮನಸ್ಸಿನಿಂದಲೇ ಆಡಿದ್ದೆ. ಖಾಲಿ ಅಂಗಳದಲ್ಲಿ ಹೇಳಿದರೆ ಯಾರು ಕೇಳುತ್ತಾರೆ ಎಂಬುದೂ ನಿಜವೇ. ಆದರೆ ಸಾಹುಕಾರರು ಇದ್ದರು, ಹಮಾಲರು ಇದ್ದರು, ಗುಮಾಸ್ತರಿದ್ದರು. ಸೋಮವಾರವೇ ಹೇಳಬಹುದಿತ್ತು. ಆರು ತಿಂಗಳು ಮುಂದಕ್ಕೆ ಹಾಕಿದಾಗ ನನ್ನ ಎದೆ ಎಷ್ಟು ಹಗುರಾಯಿತು ಎಂಬುದು ನನಗೆ ಮಾತ್ರ ಗೊತ್ತು.

ಮಾಮ ಶ್ರಾವಣದಲ್ಲಿ ಹೋದರು. ಜಡಿಮಳೆಯ ಥಂಡಿಗೆ ಎದೆ ಹಿಡಿದುಕೊಂಡಿತಂತೆ. ಪಂಪು ಸಾಲಲಿಲ್ಲ, ಬಳ್ಳಾರಿಗೆ ಕರೆತರುವ ದಾರಿಯಲ್ಲೇ ಮುಗಿಯಿತಂತೆ. ಡಾಕ್ಟರರನ್ನು ಕೇಳಿದೆ. ಎದೆ ಮೊದಲೇ ಬಹಳ ಸವೆದಿತ್ತು, ಹೋದ ಸುಗ್ಗಿಗೆ ಮೊದಲೇ ಸರಿಯಾದ ಔಷಧಿ ಹಿಡಿದಿದ್ದರೆ ಇಷ್ಟು ಬೇಗ ಆಗುತ್ತಿರಲಿಲ್ಲವೇನೋ ಎಂದರು. "ಏನೋ" ಅನ್ನುವುದನ್ನು ಅವರು ನನ್ನ ಮೇಲಿನ ಕನಿಕರಕ್ಕೆ ಸೇರಿಸಿದ್ದು.

ಸುಗ್ಗಿ ಬಂತು. ಅಂಗಳ ತುಂಬಿತು. ನಾನು ಒಳಗೆ ರೂಲು ಬದಲಿಸುತ್ತಾ ಇದ್ದೆ. ಇನ್ನು ಯಾರಿಗಾಗಿ ಹೇಳುವುದು, ಅವರೇ ಇಲ್ಲವಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಒಂದು ಸುಗ್ಗಿ, ಎರಡು ಸುಗ್ಗಿ... ಆಮೇಲೆ ಆ ಮಿಲ್ಲನ್ನೂ ಬಿಟ್ಟೆ, ಬಳ್ಳಾರಿಯಲ್ಲಿ ನನ್ನದೇ ಲೇತ್ ಹಾಕಿದೆ, ದುಡಿದೆ, ಮನೆ ಕಟ್ಟಿದೆ. ಒಬ್ಬರ ಮುಂದೆ ಕೈ ಚಾಚದೆ ಬದುಕಿದೆ ಎಂದು ಹೇಳಿಕೊಳ್ಳುವಾಗಲೆಲ್ಲ ಆ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ.

ಕಳೆದ ತಿಂಗಳು ಹೊಗೆ ಬಂದ ಮೇಲೆ ಒಂದು ವಾರ ನನಗೆ ಊಟ ಸೇರಲಿಲ್ಲ. ಕೊನೆಗೆ ಕುರುಗೋಡಿನ ಬಸ್ಸು ಹತ್ತಿದೆ. ಆ ಕಾಲದವರು ಒಬ್ಬರಾದರೂ ಇದ್ದಾರು ಎಂದು. ಮಾಮನ ತಂಗಿಯ ಮನೆ ಇದ್ದ ಜಾಗದಲ್ಲಿ ಗೊಬ್ಬರದ ಅಂಗಡಿ ಇದೆ. ಅವರಿವರನ್ನು ಕೇಳುತ್ತಾ ಹೋದೆ. ಗುಡಿಯ ಹತ್ತಿರದ ಬೇವಿನಕಟ್ಟೆಯಲ್ಲಿ ಒಬ್ಬ ಹಿರಿಯರು ಸಿಕ್ಕರು. ಎಂಬತ್ತು ದಾಟಿದವರು. ಆ ದಿನ ಸಿರುಗುಪ್ಪದ ಅಂಗಳದಲ್ಲಿ ಅವರ ಗಾಡಿಯೂ ಇತ್ತಂತೆ. "ಗಾಳ್ಯಾಗ ಹತ್ತಿ ನೋಡಿದ ಮಾಮ!" ಎಂದು ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ಇಷ್ಟು ವರ್ಷದ ಮೇಲೂ ಅವರಿಗೆ ಉಳಿದದ್ದು ಅದೇ.

ನಾನು ಅವರ ಪಕ್ಕ ಕೂತು ಹೇಳಿದೆ. ಮಾಮ ಕುಡಿದಿರಲಿಲ್ಲ, ಯಾವತ್ತೂ ಕುಡಿದವರಲ್ಲ, ನಾನು ಕೊಟ್ಟ ಬೀಡಿಯ ವಿಷ ಅದು, ಬೀಜ ಸೇರಿಸಿದವನು ನಾನು, ಗೊತ್ತಿಲ್ಲ ಎಂದು ಸುಳ್ಳು ಹೇಳಿದವನೂ ನಾನು ಎಂದೆ. ಒಂದನ್ನೂ ಬಿಡಲಿಲ್ಲ. ಹಿರಿಯರು ಕಿವಿಗೆ ಕೈ ಇಟ್ಟು ಎಲ್ಲ ಕೇಳಿಸಿಕೊಂಡರು. ಮುಗಿದ ಮೇಲೆ ನನ್ನ ಕೈ ಹಿಡಿದು, ಎರಡು ಸಲ ತಟ್ಟಿ ಹೇಳಿದರು:

"ಬಾಜೂ ಮನಿಯವರಂದ್ರ ಹಿಂಗಿರಬೇಕು ನೋಡ್ರಿ. ಸತ್ತವರ ಮರ್ಯಾದಿ ಉಳಸಾಕ ತಪ್ಪು ತಮ್ಮ ಮ್ಯಾಲೆ ಹಾಕ್ಕೊಂತೀರಲ್ಲ... ಭಾಳ ದೊಡ್ಡವರು ನೀವು."

ಇಲ್ಲ, ಇದು ಖರೇ ಎಂದು ನಾನು ಮತ್ತೆ ಹೇಳಿದೆ. ಅವರು ನಗುತ್ತಾ, "ಆಗ್ಲಿ ತಗೋರಿ, ಆಗ್ಲಿ" ಅಂದರು.